ಮಿಕ್ಕಿದ್ದೆಲ್ಲ ಸೊನ್ನೆ

ಶನಿವಾರ ಬೆಳಿಗ್ಗೆ ವ್ಯಾಯಾಮದ ಹಾಲಿಗೆ ಬೀಗ ಬಿದ್ದಿತ್ತು. ಬೀಗದ ಮುಂದೆ ವಾಕರ್ ಹಿಡಿದವರು, ಊರುಗೋಲು ಹಿಡಿದವರು, ಏನೂ ಸಿಗದೆ ಗೋಡೆ ಹಿಡಿದವರು ಎಂದು ಅಜ್ಜ ಅಜ್ಜಿಯರ ಒಂದು ಸಾಲೇ ನಿಂತಿತ್ತು. ಅಷ್ಟೂ ಜನರ ಎದುರಿಗೆ ಮುಖ್ಯ ಡಾಕ್ಟರು ಫಿಸಿಯೋ ಮೇಡಂಗೆ ಹೇಳಿದರು: "ನಿಮ್ಮ ಕ್ಲಾಸು ಇವತ್ತಿಂದ ಇಲ್ಲ. ಬೀಳದ ಹಾಗೆ ಮಾಡ್ತೀನಿ ಅಂತ ಹೇಳಿ ಇವರನ್ನೆಲ್ಲ ಬೀಳಿಸಿದ್ದೀರಿ. ಸಾಲದು ಅಂತ ಮೊದಲನೇ ವರದಿಗೆ ಸುಳ್ಳು ಮಾಹಿತಿ ಬೇರೆ ಕೊಟ್ಟಿದ್ದೀರಿ. ಸೋಮವಾರ ಮಧ್ಯಾಹ್ನ ಆಡಳಿತ ಮಂಡಳಿ ಸೇರತ್ತೆ. ಅಲ್ಲೀವರೆಗೆ ನೀವು ಯಾರನ್ನೂ ಮುಟ್ಟೋ ಹಾಗಿಲ್ಲ."

ಮೇಡಂ ರಬ್ಬರ್ ಪಟ್ಟಿಗಳ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು, ಅಷ್ಟೇ. ಡಾಕ್ಟರ ಬೆನ್ನ ಹಿಂದೆ ಫೈಲುಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದ ಗುಮಾಸ್ತ ಒಂದು ಹೆಜ್ಜೆ ಹಿಂದೆ ಸರಿದ. ಈ ಅನಾಹುತ ಮಾಡಿದವನು ತಾನೇ ಇರಬಹುದು ಎಂಬ ಗುಮಾನಿ ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಇತ್ತು, ಮತ್ತು ಅವನು ಬಾಯಿ ಬಿಡಲಿಲ್ಲ.

ಬಿದ್ದು ಮೂಳೆ ಮುರಿದುಕೊಂಡವರನ್ನು ಮತ್ತೆ ಕಾಲ ಮೇಲೆ ನಿಲ್ಲಿಸುವ ಆರೈಕೆ ಕೇಂದ್ರ ಅದು. ಫಿಸಿಯೋ ಮೇಡಂ ಒಂದು ವರ್ಷದಿಂದ ಅಲ್ಲಿ ಸಮತೋಲನದ ಕ್ಲಾಸು ನಡೆಸುತ್ತಿದ್ದರು. ಅದರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ನೋಡಲು ಕೇಂದ್ರದವರು ಚೀಟಿ ಎತ್ತಿ ವೃದ್ಧರನ್ನು ಎರಡು ಗುಂಪು ಮಾಡಿದ್ದರು. ಕ್ಲಾಸಿಗೆ ಬರುವವರು ಒಂದನೇ ಗುಂಪು, ಬರೀ ಸಲಹೆಯ ಪುಸ್ತಿಕೆ ಪಡೆದವರು ಎರಡನೇ ಗುಂಪು. ಯಾರು ಎಷ್ಟು ಸಲ ಬಿದ್ದರು ಎಂದು ಕಂಪ್ಯೂಟರಿಗೆ ಏರಿಸುವುದು. ಅರ್ಧ ವರ್ಷ ಕಳೆದಾಗ ಬಂದ ಮೊದಲ ವರದಿಯಲ್ಲಿ ಕ್ಲಾಸಿನವರು ಬಿದ್ದದ್ದು ಬಹಳ ಕಮ್ಮಿ ಎಂದಿತ್ತು. ಶುಕ್ರವಾರ ಬಂದ ಕೊನೆಯ ವರದಿಯಲ್ಲಿ ಎಲ್ಲ ಉಲ್ಟಾ ಆಗಿತ್ತು. ಮೊದಲ ಅರ್ಧ ವರ್ಷದ ಮಾಹಿತಿಯನ್ನು ಬರೆದುಕೊಟ್ಟವರು ಸ್ವತಃ ಮೇಡಂ. ಹಾಗಾಗಿ ಬಿದ್ದವರನ್ನು ಅವರೇ ಮುಚ್ಚಿಟ್ಟಿದ್ದಾರೆ ಎಂದು ಡಾಕ್ಟರು ತೀರ್ಮಾನಿಸಿಬಿಟ್ಟಿದ್ದರು.

ಇನ್ನು ಗುಮಾಸ್ತನ ವಿಷಯ. ಅವನ ಆಯಸ್ಸಿನ ಒಳ್ಳೆಯ ವರ್ಷಗಳೆಲ್ಲ ಬಿಲ್ಲಿಂಗ್ ಕೌಂಟರಿನಲ್ಲಿ ಸವೆದಿದ್ದವು. ಈಚೆಗೆ ಸಂಶೋಧನಾ ವಿಭಾಗಕ್ಕೆ ಒಬ್ಬರು ಬೇಕೆಂದಾಗ ಡಾಕ್ಟರು, "ಅಂಕಿಅಂಶದ ಸಾಫ್ಟ್‌ವೇರ್ ಬರತ್ತೇನ್ರಿ?" ಎಂದು ಕೇಳಿದರು. "ಬರತ್ತೆ ಸಾರ್" ಎಂದುಬಿಟ್ಟ. ಬರುತ್ತಿರಲಿಲ್ಲ. ಆ ಸಾಫ್ಟ್‌ವೇರಿನ ಗಂಧಗಾಳಿಯೂ ಅವನಿಗೆ ಇರಲಿಲ್ಲ. ಸಂಬಳ ಸ್ವಲ್ಪ ಹೆಚ್ಚು, ಕೌಂಟರಿನ ಬೈಗುಳ ಕಮ್ಮಿ ಎಂಬ ಆಸೆ. ಆಮೇಲೆ ರಾತ್ರಿ ನಿದ್ದೆ ಬಾರದೆ ದೊಡ್ಡಮ್ಮನ ಕಾಲು ಹಿಡಿದಿದ್ದ.

ದೊಡ್ಡಮ್ಮ ಎಂದರೆ ಅವನ ತಾಯಿಯ ಅಕ್ಕ. ಜೀವಮಾನವೆಲ್ಲ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಇದೇ ಕೇಂದ್ರದ ಕಾರಿಡಾರಿನ ಕೊನೆಯ ಕೋಣೆಗೆ ಬಂದವಳು. ಮೂಳೆ ಕೂಡಿದ ಮೇಲೂ ಹೋಗಲಿಲ್ಲ. "ಮನೇಲಿ ಮಾತಾಡೋಕೆ ಯಾರಿದಾರೆ, ಇಲ್ಲಿ ದಿನಾ ಏನಾದರೊಂದು ಕಳೀತಿರತ್ತೆ" ಎನ್ನುತ್ತಿದ್ದಳು. ಅದು ನಿಜ. ಹಲ್ಲಿನ ಸೆಟ್ ಕಳೆದರೂ ಔಷಧಿ ಬೀರುವಿನ ಕೀಲಿಕೈ ಕಳೆದರೂ ಜನ ಸೆಕ್ಯೂರಿಟಿಯವನ ಹತ್ತಿರ ಹೋಗುತ್ತಿರಲಿಲ್ಲ, ನೆಟ್ಟಗೆ ಅವಳ ಕೋಣೆಗೆ ಬರುತ್ತಿದ್ದರು. ಅವಳು ಮಂಚದ ಮೇಲೆ ಕೂತಲ್ಲೇ ನಾಲ್ಕು ಪ್ರಶ್ನೆ ಕೇಳಿ ಪತ್ತೆ ಹಚ್ಚುತ್ತಿದ್ದಳು. ಓಡಾಟದ ಕೆಲಸಕ್ಕೆ ಗುಮಾಸ್ತನಿದ್ದ.

ಅವಳ ಪಾಠವೂ ಅದೇ ಮಂಚದ ಮೇಲೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅವಳೇ ಒಂದು ಅಭ್ಯಾಸದ ಫೈಲು ಮಾಡಿಕೊಟ್ಟಿದ್ದಳು: ಕೇಂದ್ರದಲ್ಲಿ ಯಾರು ಚಹಾ ಕುಡಿಯುತ್ತಾರೆ, ಯಾರು ಕಾಫಿ. ಚಹಾಕ್ಕೆ ಒಂದು, ಕಾಫಿಗೆ ಎರಡು. ಕಾಲಂಗೆ "ಗುಂಪು" ಎಂದು ಹೆಸರು. ಅದೇ ವಾರದ ಸೋಮವಾರ ಸಂಜೆ ಹೊಸ ಪಾಠ ಆಗಿತ್ತು. "ಈಗ ಅದಲುಬದಲು ಮಾಡೋದು ಕಲಿ. ಮೂರು ಸಾಲು ಕಮಾಂಡ್ ಬರಿ. ಒಂದು ಇದ್ದದ್ದು ಎರಡಾಗಲಿ. ಎರಡು ಇದ್ದದ್ದು ಒಂದಾಗಲಿ. ಮಿಕ್ಕಿದ್ದೆಲ್ಲ ಸೊನ್ನೆ. ಬರಕೊಂಡ್ಯೇನೋ ಮೊದ್ದು?" ಪ್ರೀತಿ ಹೆಚ್ಚಾದರೂ ಸಿಟ್ಟು ಬಂದರೂ ಅವಳಿಗೆ ಅವನು ಮೊದ್ದುವೇ.

ಮೊದ್ದು ಬರೆದುಕೊಂಡ. ಮಂಗಳವಾರ ಊಟದ ಹೊತ್ತಿನಲ್ಲಿ ಆಫೀಸಿನಲ್ಲಿ ಯಾರೂ ಇರಲಿಲ್ಲ. ಸಂಶೋಧನಾ ವಿಭಾಗದ ತಜ್ಞರನ್ನು ಎಲ್ಲರೂ ಡೇಟಾ ಸರ್ ಎಂದು ಕರೆಯುತ್ತಿದ್ದರು. ಗೊತ್ತಿದ್ದವರು ಹೇಗೆ ಬರೆಯುತ್ತಾರೆ ನೋಡೋಣ ಎಂದು ಅವರ ಕಮಾಂಡುಗಳ ಫೈಲನ್ನು ತೆರೆದ. ನೋಡಿದ. ಕೈ ಕಡಿಯಿತು. ಅಲ್ಲೇ ಕೆಳಗೆ ತನ್ನ ಮೂರು ಸಾಲನ್ನು ಟೈಪ್ ಮಾಡಿ, ಅಷ್ಟನ್ನೇ ಆರಿಸಿ ಓಡಿಸಿಯೂ ಬಿಟ್ಟ. ಅಭ್ಯಾಸದ ಫೈಲು ದೊಡ್ಡಮ್ಮನ ಲ್ಯಾಪ್‌ಟಾಪಿನಲ್ಲಿತ್ತು. ಇಲ್ಲಿ ತೆರೆದಿದ್ದದ್ದು ಅಸಲಿ ಫೈಲು. ಅದರಲ್ಲೂ "ಗುಂಪು" ಎಂಬ ಕಾಲಂ ಇತ್ತು. ಕ್ಲಾಸಿನವರೆಲ್ಲ ಪುಸ್ತಿಕೆಯವರಾಗಿ, ಪುಸ್ತಿಕೆಯವರೆಲ್ಲ ಕ್ಲಾಸಿನವರಾಗಿ ಕೂತಿದ್ದನ್ನು ಕಂಡು ಅವನ ಜೀವ ಬಾಯಿಗೆ ಬಂತು. ಮತ್ತೊಮ್ಮೆ ಓಡಿಸಿದರೆ ಮೊದಲಿನಂತೆ ಆಗುತ್ತದಲ್ಲ ಎಂದು ಹೊಳೆಯಿತು. ಓಡಿಸಿದ. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ಸದ್ದು. ಎಲ್ಲವನ್ನೂ ಮುಚ್ಚಿದ. ಮುಚ್ಚುವಾಗ ಕಂಪ್ಯೂಟರು ಏನೇನೋ ಕೇಳಿತು, ಎಲ್ಲಕ್ಕೂ "ಹೌದು" ಒತ್ತಿದ. ಕೌಂಟರಿನಲ್ಲಿದ್ದಾಗಿನ ಅಭ್ಯಾಸ ಅದು. ಅಲ್ಲಿ "ಇಲ್ಲ" ಒತ್ತಿದರೆ ಇಡೀ ದಿನದ ಬಿಲ್ಲುಗಳು ಮಾಯವಾಗುತ್ತಿದ್ದವು, ಹಾಗಾಗಿ ಪ್ರಶ್ನೆ ಓದುವ ರೂಢಿಯೇ ಯಾರಿಗೂ ಇರಲಿಲ್ಲ.

ಹೊರಗೆ ಬಂದ ಮೇಲೆ ಶುರುವಾಯಿತು ಪೀಕಲಾಟ. ಓಡಿಸಿದ್ದು ಎರಡು ಸಲವೋ, ಮೂರು ಸಲವೋ? ಎರಡಾದರೆ ಎಲ್ಲ ಮೊದಲಿನಂತೆ. ಗಾಬರಿಯಲ್ಲಿ ಇನ್ನೊಂದು ಸಲ ಒತ್ತಿದ್ದರೆ ಕೆಟ್ಟಿತು. ಬೀಗ ಹಾಕಿದೆನೋ ಇಲ್ಲವೋ ಎಂದು ದಾರಿಯಲ್ಲಿ ನಿಂತು ಯೋಚಿಸುವವನ ಪಾಡಾಯಿತು. ವಾಪಸ್ ಹೋಗಿ ನೋಡೋಣವೆಂದರೆ ಯಾವುದು ಸರಿ ಎಂದು ಗುರುತಿಸುವಷ್ಟು ವಿದ್ಯೆ ಎಲ್ಲಿತ್ತು?

ಶನಿವಾರ ಮಧ್ಯಾಹ್ನ ಫಿಸಿಯೋ ಮೇಡಂ ದೊಡ್ಡಮ್ಮನ ಕೋಣೆಗೆ ಬಂದರು. ಪಕ್ಕದ ಮಂಚದಲ್ಲಿ ಉಲ್ಲನ್ ಅಜ್ಜಿ ಏನೋ ಹೆಣೆಯುತ್ತಿದ್ದರು. ಗುಮಾಸ್ತ ಕಿಟಕಿಯ ಹತ್ತಿರ ನಿಂತಿದ್ದ.

"ಕೆಲಸ ಹೋದ್ರೆ ಹೋಗ್ಲಿ ಅಮ್ಮ, ಇನ್ನೊಂದು ಕಡೆ ನೋಡ್ಕೋತೀನಿ" ಎಂದರು ಮೇಡಂ. "ಸುಳ್ಳು ಲೆಕ್ಕ ಕೊಟ್ಟೋಳು ಅಂತ ಬರೆದು ಕಳಿಸಿದ್ರೆ ಇನ್ಯಾರು ನನ್ನ ಕೈಗೆ ರೋಗೀನ ಕೊಡ್ತಾರೆ? ಅದೂ ಅಷ್ಟು ಜನರ ಮುಂದೆ ಅಂದ್ರಲ್ಲ." ಆಮೇಲೆ ಗುಮಾಸ್ತನ ಕಡೆ ತಿರುಗಿದರು. "ನೀವೇ ಹೇಳಿ. ನಾನು ಕೊಟ್ಟ ಕಾಗದ ಎಲ್ಲಾ ಈಗ ನಿಮ್ಮ ಕೈಲೇ ಇರೋದು. ಒಂದಾದ್ರೂ ತಿದ್ದಿದ್ದು ನೋಡಿದ್ರಾ?"

"ಇಲ್ಲ ಮೇಡಂ" ಎಂದ ಗುಮಾಸ್ತ.

"ಅಷ್ಟು ಹೇಳಿದ್ರಲ್ಲ, ಪುಣ್ಯಾತ್ಮರು ನೀವು" ಎಂದರು ಅವರು, ಕಣ್ಣು ಒರೆಸಿಕೊಳ್ಳುತ್ತ. ಗುಮಾಸ್ತನಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಈಗಲೇ ಹೇಳಿಬಿಡಬೇಕು ಎಂದುಕೊಂಡ. ಹೇಳಿದರೆ ಮೊದಲು ಕೇಳುವುದು, ಸಾಫ್ಟ್‌ವೇರ್ ಬರುತ್ತದೆ ಎಂದೆಯಲ್ಲ ಎಂದು. ಮಕ್ಕಳ ಶಾಲೆ, ಮನೆ ಬಾಡಿಗೆ ಎಲ್ಲ ಒಟ್ಟಿಗೆ ನೆನಪಾಯಿತು. ನೀರಿನ ಜಗ್ ತುಂಬಿಸಿಕೊಂಡು ಬರುತ್ತೇನೆ ಎಂದು ಹೊರಗೆ ಹೋಗಿಬಿಟ್ಟ.

ಸಂಜೆ ದೊಡ್ಡಮ್ಮ ಡೇಟಾ ಸರ್ ಅವರನ್ನು ಕರೆಸಿದಳು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮಾತು.

"ನೋಡಿ ಅಮ್ಮ, ನನ್ನ ಕಡೆಯಿಂದ ತಪ್ಪಾಗೋಕೆ ದಾರೀನೇ ಇಲ್ಲ. ನಾನು ಕೈಯಿಂದ ಒಂದು ಅಂಕೀನೂ ಮುಟ್ಟಲ್ಲ. ಡೇಟಾ ಸ್ವಚ್ಛ ಮಾಡೋ ಕಮಾಂಡೆಲ್ಲ ವರ್ಷದ ಹಿಂದೇನೇ ಬರೆದಿಟ್ಟಿದೀನಿ. ಫೈಲು ತೆರೀತೀನಿ, ಎಲ್ಲಾ ಒಟ್ಟಿಗೆ ಓಡಿಸ್ತೀನಿ, ಆಮೇಲೆ ಕೋಷ್ಟಕ ತೆಗೀತೀನಿ. ಶುಕ್ರವಾರಾನೂ ಅಷ್ಟೇ ಮಾಡಿದ್ದು."

"ಓಡಿಸೋ ಮುಂಚೆ ಒಂದ್ಸಲ ಓದ್ತೀಯೇನಪ್ಪ?"

"ನಾನೇ ಬರೆದದ್ದನ್ನ ನಾನೇ ಯಾಕೆ ಓದ್ಲಿ?"

"ಅದೂ ಸರಿ" ಎಂದಳು ದೊಡ್ಡಮ್ಮ. "ನಿನ್ನೆ ನಿನ್ನ ರೂಮಿಗೆ ಬೇರೆ ಯಾರು ಬಂದಿದ್ರು?"

"ಮ್ಯಾನೇಜರ್ ಬಂದಿದ್ರು. ನಾನು ಚಹಾಕ್ಕೆ ಹೋದಾಗ ಒಬ್ರೇ ಕೂತಿದ್ರು. ವರದಿ ಯಾವಾಗ ಬರತ್ತೆ ಅಂತ ವಾರದಿಂದ ತಲೆ ತಿಂತಿದ್ರು. ಗುಮಾಸ್ತರು ನಿನ್ನೆ ಈ ಕಡೆ ಬಂದಿಲ್ಲ, ತಿಂಗಳ ಕೊನೆ ಅಂತ ಬಿಲ್ಲಿಂಗಿಗೆ ಕಳಿಸಿದ್ರು."

ಮ್ಯಾನೇಜರಿಗೆ ವ್ಯಾಯಾಮದ ಹಾಲಿನ ಮೇಲೆ ಕಣ್ಣಿತ್ತು ಎಂಬುದು ಗುಟ್ಟಲ್ಲ. ಅಲ್ಲಿ ದುಬಾರಿ ಯಂತ್ರಗಳನ್ನು ಕೂರಿಸಬೇಕೆಂದು ಅವರ ಹಂಬಲ. ಹೇಳಿ ಕಳಿಸುವ ಮೊದಲೇ ಅವರೇ ಕೋಣೆಯೊಳಗೆ ತಲೆ ಹಾಕಿದರು. ಕೈಯಲ್ಲಿ ವರದಿ.

"ಅಮ್ಮಾ, ನೀವು ಓದಿದವರು. ಇದರಲ್ಲಿ ಗುಂಪು ಒಂದು, ಗುಂಪು ಎರಡು ಅಂತಿದೆಯಲ್ಲ, ಕ್ಲಾಸಿನವರು ಯಾರು, ಪುಸ್ತಿಕೆಯವರು ಯಾರು? ಮಂಡಳಿಯವರು ಕೇಳಿದ್ರೆ ನಾನೇನು ಹೇಳ್ಲಿ?"

ದೊಡ್ಡಮ್ಮ ಬಿಡಿಸಿ ಹೇಳಿದಳು. ಅವರು ಅದನ್ನು ಪೆನ್ಸಿಲಿನಲ್ಲಿ ಮೂಲೆಯಲ್ಲಿ ಬರೆದುಕೊಂಡು, ಬಹಳ ಉಪಕಾರವಾಯಿತೆಂದು ಹೋದರು.

ಭಾನುವಾರ ದೊಡ್ಡಮ್ಮ ಗುಮಾಸ್ತನನ್ನು ಆಫೀಸಿಗೆ ಅಟ್ಟಿದಳು. "ಫೈಲಲ್ಲಿ ಹೆಸರಿಲ್ಲ, ನಂಬರ್ ಮಾತ್ರ ಇದೆ. ನನ್ನ ನಂಬರ್ ನನಗೆ ಗೊತ್ತು. ಉಲ್ಲನ್ ಅಜ್ಜಿ ತಮ್ಮದನ್ನ ಹೇಳಿದಾರೆ, ನೋಡು ಅಂತ ಒಪ್ಪಿಗೇನೂ ಕೊಟ್ಟಿದಾರೆ. ಇಬ್ಬರ ಗುಂಪು ನೋಡ್ಕೊಂಡು ಬಾ. ನಾನು ಮೊದಲಿಂದ ಕ್ಲಾಸಿಗೆ ಹೋದವಳು, ನನ್ನ ಮಾಹಿತಿ ಎಂದೋ ಏರಿದೆ. ಅವರಿಗೆ ಬರೀ ಪುಸ್ತಿಕೆ. ಅವರದ್ದು ಕೊನೇ ಕಂತಲ್ಲಿ ಏರಿದ್ದು, ಅಲ್ವಾ?"

"ಹೌದು, ಗುರುವಾರ ಸಂಜೆ ನಾನೇ ಏರಿಸಿದ್ದು" ಎಂದ ಗುಮಾಸ್ತ.

"ಹಾಗೇ ನಡುವೆ ಬಿಟ್ಟುಹೋದವರಿಗೆ ಗುಂಪಲ್ಲಿ ಏನು ಬರೆದಿದೆ ಅಂತಾನೂ ನೋಡು. ಆಫೀಸಿನ ನಿಯಮದ ಪ್ರಕಾರ ಒಂಬತ್ತು ಇರಬೇಕು."

ಕಾರಿಡಾರಿನಲ್ಲಿ ಬಸ್ ಡ್ರೈವರ್ ತಾತ ಗಾಲಿಕುರ್ಚಿಯಲ್ಲಿ ಕೂತಿದ್ದರು. ಹೋದ ವಾರವಷ್ಟೇ ಯಾರ ಕೈಯನ್ನೂ ಹಿಡಿಯದೆ ಹಾಲಿನ ಈ ತುದಿಯಿಂದ ಆ ತುದಿಗೆ ನಡೆದು ಎಲ್ಲರ ಹತ್ತಿರ ಚಪ್ಪಾಳೆ ಹೊಡೆಸಿಕೊಂಡವರು. ನಿನ್ನೆಯಿಂದ ಕುರ್ಚಿ ಬಿಟ್ಟು ಏಳುತ್ತಿಲ್ಲ ಎಂದು ನರ್ಸ್ ಹೇಳಿದ್ದಳು.

"ಬಾಪ್ಪ ಇಲ್ಲಿ" ಎಂದು ತಾತ ಕರೆದರು. "ನೀನು ಲೆಕ್ಕದ ಕಡೆಯವನು. ಆ ಹುಡುಗಿ ನಮಗೆ ಮೋಸ ಮಾಡಿದ್ಲಂತೆ, ಹೌದಾ? ನಡೀಬಹುದು ಅಂತ ಅವಳು ಹೇಳಿದ್ದಕ್ಕೇ ನಾನು ನಡೆದದ್ದು. ಅದೂ ಸುಳ್ಳೇನೋ ಅಂತ ಈಗ ಕಾಲೆತ್ತೋಕೇ ಭಯ ಆಗತ್ತೆ."

ಸುಳ್ಳಲ್ಲ ತಾತ ಎನ್ನಲು ಎರಡು ಮಾತು ಸಾಕಿತ್ತು. ಅದರ ಹಿಂದೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು.

"ನನಗೇನೂ ಗೊತ್ತಿಲ್ಲ ತಾತ" ಎಂದು ಗುಮಾಸ್ತ ಬಿರಬಿರನೆ ನಡೆದ. ಥೂ ನನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡ. ಬೈದುಕೊಳ್ಳುವುದು ಸುಲಭ, ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲವಲ್ಲ.

ಆಫೀಸಿನಲ್ಲಿ ನೋಡಿದರೆ, ಅಂಜಿದಂತೆಯೇ ಆಗಿತ್ತು. ದೊಡ್ಡಮ್ಮನ ನಂಬರಿನ ಮುಂದೆ ಎರಡು, ಉಲ್ಲನ್ ಅಜ್ಜಿಯ ನಂಬರಿನ ಮುಂದೆ ಒಂದು. ಇಬ್ಬರೂ ಅದಲುಬದಲು. ಹಾಗಾದರೆ ಮೂರು ಸಲವೇ ಒತ್ತಿದ್ದೆ ಎಂದುಕೊಂಡ. ವಾಪಸ್ ಬಂದು ವಿಷಯ ಒಪ್ಪಿಸಿದ.

"ಬಿಟ್ಟುಹೋದವರಿಗೆ?" ಎಂದು ದೊಡ್ಡಮ್ಮ ಕೇಳಿದಳು.

"ಒಂಬತ್ತು ಎಲ್ಲೂ ಇಲ್ಲ ದೊಡ್ಡಮ್ಮ. ಎಲ್ಲರಿಗೂ ಸೊನ್ನೆ ಇದೆ."

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುತ್ತಲೇ ಇದ್ದಳು. "ನೀನು ನನಗೆ ಏನಾದ್ರೂ ಹೇಳೋದಿದೆಯೇನೋ?" ಎಂದಳು. ಆ ಸಲ ಮೊದ್ದು ಎನ್ನಲಿಲ್ಲ.

"ಏನಿಲ್ಲ" ಎಂದ.

"ಸರಿ. ನಾಳೆ ಬೆಳಿಗ್ಗೆ, ಮಂಡಳಿ ಸೇರೋ ಮುಂಚೆ, ಎಲ್ಲರನ್ನೂ ಡೇಟಾ ಸರ್ ಅವರ ರೂಮಿಗೆ ಕರೆಸು. ನನ್ನ ವಾಕರಿಗೆ ಜಾಗ ಇರೋ ಹಾಗೆ ಕುರ್ಚಿ ಸರಿಸಿಡು."

ಸೋಮವಾರ ಎಲ್ಲರೂ ಸೇರಿದರು. ಮುಖ್ಯ ಡಾಕ್ಟರು ಗಡಿಯಾರ ನೋಡುತ್ತ ಕೂತರು. ಮ್ಯಾನೇಜರು ಅವರ ಪಕ್ಕ. ಫಿಸಿಯೋ ಮೇಡಂ ಬಾಗಿಲ ಹತ್ತಿರ, ಯಾವಾಗ ಬೇಕಾದರೂ ಎದ್ದು ಹೋಗುವವರಂತೆ. ಡೇಟಾ ಸರ್ ತಮ್ಮ ಕಂಪ್ಯೂಟರಿನ ಮುಂದೆ. ಗುಮಾಸ್ತ ಗೋಡೆಗೆ ಒರಗಿ ನಿಂತಿದ್ದ, ಕೈ ಎಲ್ಲಿಡಬೇಕೆಂದು ತಿಳಿಯದೆ.

"ಮೊದಲನೇ ಮಾತು" ಎಂದಳು ದೊಡ್ಡಮ್ಮ. "ಈ ಹುಡುಗಿ ಯಾವ ಸುಳ್ಳೂ ಕೊಟ್ಟಿಲ್ಲ. ನಾನು ವರ್ಷವಿಡೀ ಇವಳ ಕ್ಲಾಸಲ್ಲಿ ಕಾಲೆತ್ತಿದವಳು. ನಿಮ್ಮ ಫೈಲಲ್ಲಿ ನಾನು ಬರೀ ಪುಸ್ತಿಕೆ ಓದಿದವಳು. ಹಾಲಿನ ಮುಖಾನೇ ನೋಡದ ಉಲ್ಲನ್ ಅಜ್ಜಿ ಅದರಲ್ಲಿ ಕ್ಲಾಸಿನವರು. ಗುಂಪು ಪೂರಾ ಅದಲುಬದಲಾಗಿದೆ. ಅದನ್ನ ಸರಿಮಾಡಿ ನೋಡಿದ್ರೆ ಮೊದಲನೇ ವರದಿ ಏನು ಹೇಳಿತ್ತೋ ಇದೂ ಅದನ್ನೇ ಹೇಳತ್ತೆ."

ಮೇಡಂ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಡಾಕ್ಟರು ಗಡಿಯಾರ ನೋಡುವುದನ್ನು ಬಿಟ್ಟರು.

"ಯಾರು ಮಾಡಿದ್ದು ಇದನ್ನ?" ಎಂದರು.

"ಅದಕ್ಕೇ ಬರ್ತೀನಿ. ಯಾವಾಗ ಆಯ್ತು ಅಂತ ಮೊದಲು ನೋಡೋಣ. ನನ್ನ ಮಾಹಿತಿ ಏರಿ ತಿಂಗಳುಗಳಾದವು. ಉಲ್ಲನ್ ಅಜ್ಜೀದು ಏರಿದ್ದು ಹೋದ ಗುರುವಾರ ಸಂಜೆ. ಗುರುವಾರಕ್ಕಿಂತ ಮುಂಚೆ ಯಾರಾದ್ರೂ ಫೈಲನ್ನ ಕೆಡಿಸಿ ಹಾಗೇ ಬಿಟ್ಟಿದ್ರೆ, ಹಳಬಳಾದ ನಾನು ಮಾತ್ರ ಉಲ್ಟಾ ಆಗ್ತಿದ್ದೆ, ಹೊಸದಾಗಿ ಏರಿದ ಅವರು ಸರಿಯಾಗಿರ್ತಿದ್ರು. ಇಬ್ಬರೂ ಉಲ್ಟಾ ಆಗಿದೀವಿ. ಅಂದ್ರೆ ಇದು ಆದದ್ದು ಗುರುವಾರ ಸಂಜೆ ಆದ್ಮೇಲೆ, ಶುಕ್ರವಾರ ವರದಿ ಬರೋದ್ರೊಳಗೆ."

ಗುಮಾಸ್ತ ಮನಸ್ಸಿನಲ್ಲೇ ಆ ಲೆಕ್ಕವನ್ನು ಇನ್ನೊಮ್ಮೆ ಮಾಡಿದ. ಗುರುವಾರದ ನಂತರ. ಹಾಗಾದರೆ ಮಂಗಳವಾರ ತಾನು ಒತ್ತಿದ್ದು ಎರಡೇ ಸಲ. ಶುಕ್ರವಾರವಿಡೀ ತಾನು ಬಿಲ್ಲಿಂಗಿನಲ್ಲಿದ್ದೆ, ನೂರು ಜನ ನೋಡಿದ್ದಾರೆ. ನಾನಲ್ಲ. ಎದೆಯ ಮೇಲಿನ ಚಪ್ಪಡಿ ಜಾರಿದಂತಾಗಿ ಅವನಿಗೆ ನಗು ಬಂದುಬಿಡುತ್ತದೇನೋ ಎನ್ನಿಸಿತು, ಕೆಮ್ಮಿದ ಹಾಗೆ ಮಾಡಿದ.

"ಶುಕ್ರವಾರ ಈ ಕಂಪ್ಯೂಟರಿನ ಮುಂದೆ ಕೂತವರು ಇಬ್ಬರೇ" ಎಂದು ದೊಡ್ಡಮ್ಮ ಮುಂದುವರಿಸಿದಳು. "ಒಬ್ಬರು ಮ್ಯಾನೇಜರು."

"ನಾನಾ?" ಎಂದರು ಮ್ಯಾನೇಜರು. ಮುಖ ಬೆವೆತಿತ್ತು.

"ಹಾಲಿನ ಆಸೆ ನಿಮಗಿದೆ, ಇಲ್ಲ ಅನ್ನಬೇಡಿ. ಆದ್ರೆ ಶನಿವಾರ ಸಂಜೆ ನನ್ನ ಹತ್ರ ಬಂದು ಒಂದು ಅಂದ್ರೆ ಯಾರು, ಎರಡು ಅಂದ್ರೆ ಯಾರು ಅಂತ ಕೇಳಿದ್ರಿ. ಯಾವುದು ಯಾವುದು ಅಂತಾನೇ ಗೊತ್ತಿಲ್ಲದವರು ಬದಲಾಯಿಸಿದ್ರೆ ತಮಗೆ ಲಾಭ ಆಗತ್ತೆ ಅಂತ ಹೇಗೆ ಲೆಕ್ಕ ಹಾಕ್ತಾರೆ? ನೀವಲ್ಲ. ಅಲ್ಲಿಗೆ ಉಳಿದವರು ಒಬ್ಬರು."

ಎಲ್ಲರೂ ಡೇಟಾ ಸರ್ ಕಡೆ ನೋಡಿದರು. ಅವರು ಎದ್ದು ನಿಂತರು. "ನಾನು ಒಂದು ಅಂಕೀನೂ ಮುಟ್ಟಿಲ್ಲ ಅಂತ ಹೇಳಿದ್ನಲ್ಲ ಅಮ್ಮ."

"ನೀನು ಮುಟ್ಟಿಲ್ಲಪ್ಪ. ಮುಟ್ಟಿದ್ದು ನಿನ್ನ ಕಮಾಂಡು. ಓದದೆ ಓಡಿಸ್ತೀನಿ ಅಂದ್ಯಲ್ಲ, ಈಗ ಎಲ್ಲರ ಮುಂದೆ ಓದು."

ಅವರು ಫೈಲು ತೆರೆದು ಒಂದೊಂದೇ ಸಾಲು ಓದುತ್ತ ಬಂದರು. ವಯಸ್ಸು ಸರಿಪಡಿಸುವುದು, ದಿನಾಂಕ ಸರಿಪಡಿಸುವುದು, ಎರಡು ಸಲ ಏರಿದವರನ್ನು ತೆಗೆಯುವುದು. ತೀರಾ ಕೆಳಗೆ ಇನ್ನೂ ಮೂರು ಸಾಲಿದ್ದವು. ಒಂದು ಎರಡಾಗಲಿ. ಎರಡು ಒಂದಾಗಲಿ. ಮಿಕ್ಕಿದ್ದೆಲ್ಲ ಸೊನ್ನೆ.

ಗುಮಾಸ್ತನಿಗೆ ಎಲ್ಲಕ್ಕೂ "ಹೌದು" ಒತ್ತಿದ್ದು ಈಗ ನೆನಪಾಯಿತು. ಡೇಟಾ ಫೈಲಿಗೂ ಹೌದು, ಈ ಫೈಲಿಗೂ ಹೌದು. ಹಾಗೆ ಇಲ್ಲೇ ಉಳಿದ ಆ ಸಾಲುಗಳು ಶುಕ್ರವಾರ ಮಿಕ್ಕವುಗಳ ಜೊತೆ ಮೂರನೇ ಸಲ ಓಡಿದ್ದವು.

"ಇದು ನಾನು ಬರೆದದ್ದಲ್ಲ" ಎಂದರು ಡೇಟಾ ಸರ್. "ಸಾರ್, ಆಣೆ ಮಾಡಿ ಹೇಳ್ತೀನಿ, ಇದು ನನ್ನದಲ್ಲ."

"ನಿಮ್ಮ ರೂಮು, ನಿಮ್ಮ ಕಂಪ್ಯೂಟರು, ನಿಮ್ಮ ಫೈಲು" ಎಂದರು ಮುಖ್ಯ ಡಾಕ್ಟರು. "ಇನ್ನು ಯಾರದ್ದು ಅನ್ಬೇಕು ನಾವು? ಒಬ್ಬ ಹೆಣ್ಣುಮಗಳ ಮರ್ಯಾದೆ ತೆಗೆದಿದೀನಿ ನಾನು ಇದನ್ನ ನಂಬಿಕೊಂಡು. ಮಂಡಳಿ ಮುಂದೆ ಈಗ ಅವರ ಬದಲು ನೀವು ನಿಲ್ಲಿ."

"ಆ ಮೂರು ಸಾಲು ಯಾರದು ಅಂತ ನನಗೆ ಗೊತ್ತು" ಎಂದಳು ದೊಡ್ಡಮ್ಮ. "ಹೇಳ್ತೀನಿ. ಅದಕ್ಕೆ ಮುಂಚೆ ಒಂದು ಲೋಟ ನೀರು ಕುಡೀತೀನಿ, ಗಂಟಲು ಒಣಗಿದೆ."

ಅವಳು ನೀರು ಕುಡಿಯತೊಡಗಿದಳು. ಅಷ್ಟು ನಿಧಾನವಾಗಿ ನೀರು ಕುಡಿದದ್ದನ್ನು ಗುಮಾಸ್ತ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವನ ಕಡೆ ಅವಳು ನೋಡಲೂ ಇಲ್ಲ. ಡೇಟಾ ಸರ್ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದರು. ಅವರ ಇಸ್ತ್ರಿ ಅಂಗಿಯ ಬೆನ್ನು ಒದ್ದೆಯಾಗಿತ್ತು. ಸುಮ್ಮನಿದ್ದರೆ ಇನ್ನೊಬ್ಬರ ತಲೆಗೆ ಕಟ್ಟಿದ ಹಾಗೆ. ಮೊನ್ನೆ ಮೇಡಂ ತಲೆಗೆ, ಇವತ್ತು ಇವರ ತಲೆಗೆ. ಲೋಟ ಖಾಲಿಯಾಗುತ್ತ ಬಂತು.

"ನಂದು" ಎಂದ ಗುಮಾಸ್ತ. "ಆ ಮೂರು ಸಾಲು ನಂದು ಸಾರ್."

ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಬರುತ್ತದೆ ಎಂದು ಸುಳ್ಳು ಹೇಳಿದ್ದು, ಕದ್ದು ಕಲಿತದ್ದು, ಮಂಗಳವಾರ ಓಡಿಸಿದ್ದು, ತಿರುಗಿ ಓಡಿಸಿದ್ದು, ಕೌಂಟರಿನ ಅಭ್ಯಾಸದಲ್ಲಿ ಹೌದು ಹೌದು ಎಂದು ಒತ್ತಿದ್ದು. ಎಲ್ಲ ಹೇಳಿ ಮುಗಿಸಿ, "ಶನಿವಾರ ಬೀಗದ ಮುಂದೆ ನಿಂತಾಗಲೇ ನನಗೆ ಅನುಮಾನ ಇತ್ತು" ಎಂದ. ಆ ಮಾತು ಮಾತ್ರ ತೀರಾ ಮೆಲ್ಲಗೆ ಬಂತು.

ದೊಡ್ಡಮ್ಮ ಲೋಟ ಕೆಳಗಿಟ್ಟಳು. "ನನಗೆ ಗೊತ್ತಾಗಿದ್ದು ಸೊನ್ನೆಯಿಂದ. ಬಿಟ್ಟುಹೋದವರಿಗೆ ಈ ಆಫೀಸಲ್ಲಿ ಒಂಬತ್ತು ಬರೀತಾರೆ. ಮಿಕ್ಕಿದ್ದಕ್ಕೆಲ್ಲ ಸೊನ್ನೆ ಹಾಕೋದು ನನ್ನ ಕಾಲೇಜಿನ ಕಾಲದ ಅಭ್ಯಾಸ. ಇಲ್ಲಿ ಅದನ್ನ ನನ್ನಿಂದ ಕಲಿತವನು ಒಬ್ಬನೇ. ಭಾನುವಾರ ಅವನೇ ಬಂದು ಸೊನ್ನೆ ಇದೆ ಅಂದಾಗ ನನ್ನ ಪಾಠಾನೇ ನನ್ನ ಮುಂದೆ ಬಂದು ನಿಂತ ಹಾಗಾಯ್ತು. ಅಸಲಿ ಫೈಲನ್ನ ಮುಟ್ಟಬೇಡ ಅಂತ ಮೊದಲ ದಿನ ಹೇಳಬೇಕಾಗಿತ್ತು, ನಾನು ಹೇಳಿರಲಿಲ್ಲ. ನಿನ್ನೇನೇ ಡಾಕ್ಟರಿಗೆ ಹೇಳಬಹುದಿತ್ತು. ಅವನೇ ಹೇಳಲಿ ಅಂತ ಕಾದೆ. ಆ ಒಂದು ದಿನ ಈ ಹುಡುಗಿ ಅತ್ತದ್ದಕ್ಕೆ ನಾನೂ ಹೊಣೆ."

ಡಾಕ್ಟರು ಮೇಡಂ ಎದುರು ನಿಂತು ಕ್ಷಮೆ ಕೇಳಿದರು. ಹಾಲಿನ ಕೀಲಿಕೈ ಕೊಟ್ಟರು. ಮಂಡಳಿಗೆ ಸರಿಯಾದ ವರದಿ ಹೋಗುತ್ತದೆ ಎಂದರು. ಗುಮಾಸ್ತನ ಕಡೆ ತಿರುಗಿ, "ನೀವು ಬಿಲ್ಲಿಂಗಿಗೆ ವಾಪಸ್ ಹೋಗಿ. ಕೆಲಸದಲ್ಲಿ ಇಟ್ಕೊಳ್ಳೋದೋ ಬಿಡೋದೋ ಅಂತ ಆಮೇಲೆ ನೋಡ್ತೀನಿ" ಎಂದರು.

ಗುಮಾಸ್ತ ಮೇಡಂ ಹತ್ತಿರ ಹೋಗಿ ಕೈ ಮುಗಿದ. "ತಪ್ಪಾಯ್ತು ಮೇಡಂ."

ಅವರು ಅವನನ್ನು ನೋಡಿದರು. ಕೂಗಾಡುತ್ತಾರೆ ಎಂದುಕೊಂಡಿದ್ದ. ಕೂಗಾಡಿದ್ದರೆ ಅವನಿಗೆ ಹಿತವಾಗುತ್ತಿತ್ತು.

"ಕಂಪ್ಯೂಟರಲ್ಲಿ ತಪ್ಪು ಯಾರಿಗಾದ್ರೂ ಆಗತ್ತೆ" ಎಂದರು. "ನಾನು ನಿಮ್ಮನ್ನ ಪುಣ್ಯಾತ್ಮರು ಅಂದೆ. ಅಂದಾಗಲೂ ಸುಮ್ಮನಿದ್ರಿ. ನನ್ನ ಹತ್ರ ಕ್ಷಮೆ ಕೇಳಬೇಡಿ. ಯಾರೆದುರಿಗೆ ನನ್ನ ಮಾನ ಹೋಯ್ತೋ ಅವರೆದುರಿಗೆ ಬಂದು ಹೇಳಿ."

ಹಾಲಿನ ಬೀಗ ತೆಗೆದರು. ಸುದ್ದಿ ಹಬ್ಬಿ ಎಲ್ಲರೂ ಬಂದು ಕುರ್ಚಿಗಳಲ್ಲಿ ಕೂತರು. ಬಸ್ ಡ್ರೈವರ್ ತಾತನನ್ನು ನರ್ಸ್ ತಳ್ಳಿಕೊಂಡು ಬಂದಳು. ಗುಮಾಸ್ತ ನಡುವೆ ನಿಂತು ಹೇಳಿದ. ಸಾಫ್ಟ್‌ವೇರು, ಕಮಾಂಡು ಎಂದರೆ ಅವರಿಗೆ ಅರ್ಥವಾಗುವುದಿಲ್ಲ, ಆ ಮರೆಯಲ್ಲಿ ಅಡಗಿಕೊಳ್ಳಲೂ ಆಗುವುದಿಲ್ಲ. "ಮೇಡಂ ನಿಮಗೆ ಮೋಸ ಮಾಡಿಲ್ಲ. ನಾನು ಲೆಕ್ಕ ಕೆಡಿಸಿದ್ದೆ, ಅನುಮಾನ ಇದ್ದೂ ಬಾಯಿ ಮುಚ್ಕೊಂಡಿದ್ದೆ. ಕ್ಲಾಸಿಗೆ ಬಂದವರು ಕಮ್ಮಿ ಬಿದ್ದಿದ್ದೀರಿ, ಅದು ನಿಜ."

ತಾತ ಅವನ ಮುಖವನ್ನೇ ನೋಡಿದರು.

"ನಿನ್ನೆ ನಾನು ಕೇಳಿದ್ನಲ್ಲ, ಅವಾಗ್ಲೂ ನಿನಗೆ ಗೊತ್ತಿತ್ತಾ?"

ಪೂರ್ತಿ ಗೊತ್ತಿರಲಿಲ್ಲ, ಬರೀ ಅನುಮಾನ ಇತ್ತು ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ನುಂಗಿದ.

"ಗೊತ್ತಿತ್ತು ತಾತ."

ತಾತ ತಲೆಯಾಡಿಸಿ ಅವನಿಂದ ಕಣ್ಣು ತೆಗೆದರು. ಗಾಲಿಕುರ್ಚಿಯ ಎರಡೂ ಕೈ ಒತ್ತಿ, ನಡುಗುತ್ತ, ಎದ್ದು ನಿಂತರು. "ಯಾವ ಕಾಲು ಮೊದಲಮ್ಮ, ಎಡಗಾಲಾ?" ಎಂದು ಮೇಡಂನ ಕೇಳಿದರು. ಮೇಡಂ ಹೋಗಿ ಅವರ ಎದುರು ನಿಂತರು. ಮಿಕ್ಕವರೂ ಒಬ್ಬೊಬ್ಬರಾಗಿ ಎದ್ದರು, ಮೇಡಂ ಎಣಿಸತೊಡಗಿದರು. ಗುಮಾಸ್ತನಿಗೆ ಹೋಗಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಯಾರಾದರೂ ಏನಾದರೂ ಅನ್ನಲಿ ಎಂದು ಕಾದ.

"ಹೋಗುವಾಗ ಬಾಗಿಲು ಮುಂದೆ ಮಾಡ್ಕೊಂಡು ಹೋಗಿ" ಎಂದರು ಮೇಡಂ, ತಿರುಗಿ ನೋಡದೆ, ಮತ್ತೆ ಎಣಿಕೆಗೆ ಮರಳಿದರು.